ಖಾಲಿ ಬಿಟ್ಟ ಒಂಬತ್ತನೇ ವಾರ

ವಿದ್ಯಾರ್ಥಿ ವಿನಿಮಯ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಜಪಾನಿನ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ಇದ್ದದ್ದು ಒಂದೇ ಸೀಟು. ಅದಕ್ಕೆ ನೀವು ತಪ್ಪು ಹುಡುಗಿಯನ್ನು ಆರಿಸಿದ್ದೀರಿ. ಆ ಹುಡುಗಿ ನಾನೇ. ಇದನ್ನು ಹೇಳಲು ನಿಮ್ಮ ಕೋಣೆಗೆ ಮೂರು ಸಲ ಬಂದೆ. ಮೂರನೇ ಸಲ ಕಡತದಿಂದ ತಲೆಯೆತ್ತದೆ, "ಪಟ್ಟಿ ಅಂಟಿಸಿ ಆಯ್ತಲ್ಲಮ್ಮ, ಈಗ್ಯಾಕೆ ತಲೆ ತಿಂತೀಯ?" ಎಂದಿರಿ. ಫಲಕಕ್ಕೆ ಅಂಟಿಸಿದ ಮಾತ್ರಕ್ಕೆ ಸುಳ್ಳು ನಿಜವಾಗುತ್ತದೆಯೇ? ಹಾಗಿದ್ದರೆ ಈ ಪತ್ರವನ್ನೂ ಅದರ ಪಕ್ಕದಲ್ಲೇ ಅಂಟಿಸುತ್ತೇನೆ.

ನಮ್ಮದು ಹಳೆಯ ಪುಸ್ತಕಗಳ ಹರಿದ ಹಾಳೆಗಳನ್ನು ದುರಸ್ತಿ ಮಾಡುವ ಓದು. ನನ್ನ ಕೋಣೆಯ ಗೆಳತಿಯ ಬೆರಳಲ್ಲಿ ಸದಾ ಗೋಧಿ ಹಿಟ್ಟಿನ ಅಂಟು, ಅದಕ್ಕೇ ತರಗತಿಗೆಲ್ಲ ಅವಳು ಅಂಟಮ್ಮ. ಎರಡು ವರ್ಷದಿಂದ ಅವಳು ಈ ಸೆಮಿಸ್ಟರಿಗೆ ತಯಾರಿ ನಡೆಸಿದ್ದಳು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹದಿನೈದು ವಾರಗಳ ಚೌಕ ಎಳೆದು, ಯಾವ ವಾರ ಯಾವ ಪಾಠ, ಪ್ರಯೋಗಾಲಯ ತೆರೆಯುವುದು ಎಷ್ಟು ಹೊತ್ತಿಗೆ, ಅಲ್ಲಿಗೆ ಯಾವ ಬಸ್ಸು, ಎಲ್ಲವನ್ನೂ ಪೆನ್ಸಿಲಿನಲ್ಲಿ ತುಂಬಿದ್ದಳು. ಅಲ್ಲಿನ ಪ್ರಾಧ್ಯಾಪಕರಿಗೆ ಬರೆದು, ಮೊದಲ ತಿಂಗಳು ಬರೀ ಅಂಟು ಕಾಯಿಸುವುದನ್ನೇ ಕಲಿಸುತ್ತಾರೆಂದೂ ತಿಳಿದುಕೊಂಡಿದ್ದಳು. ನಾನೋ, ಸಂದರ್ಶನದ ಹಿಂದಿನ ದಿನ ಅವಳು ಸ್ನಾನಕ್ಕೆ ಹೋದಾಗ ಅದಷ್ಟನ್ನೂ ನಕಲು ಮಾಡಿಕೊಂಡೆ. ಸುಮ್ಮನೆ ಒಂದು ಅಂದಾಜಿಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಕಾರಾದಿಯಲ್ಲಿ ನನ್ನ ಹೆಸರು ಮೊದಲು. ಒಳಗೆ ಕೂತು ಅವಳ ಯೋಜನೆಯನ್ನು ಗಿಣಿಪಾಠದಂತೆ ಒಪ್ಪಿಸಿದೆ. ಅಂಟು ಕಾಯಿಸುವ ತಿಂಗಳಿಗೆ ನೀವೆಲ್ಲ ನಕ್ಕಿರಿ. ಒಂಬತ್ತನೇ ವಾರ ಯಾಕೆ ಖಾಲಿ ಎಂದು ಕೇಳಿದಿರಿ. ನನಗೇನು ಗೊತ್ತು? ಊರು ಸುತ್ತಲು ಎಂದೆ. ಪ್ರಾಮಾಣಿಕ ಉತ್ತರ ಎಂದು ಮೆಚ್ಚಿಕೊಂಡಿರಿ. ಅರ್ಧ ಗಂಟೆಯ ಬಳಿಕ ಅವಳೂ ಅದೇ ಯೋಜನೆ ಹೇಳಿದಾಗ ನಿಮ್ಮ ಹುಬ್ಬು ಗಂಟಿಕ್ಕಿತಂತೆ. ಖಾಲಿ ವಾರಕ್ಕೆ ಅವಳು ಕೊಟ್ಟ ಕಾರಣ ಬೇರೆ: ದುರಸ್ತಿಯಾದ ಹಾಳೆ ಹಲಗೆಯ ಮೇಲೆ ಒಣಗಬೇಕು, ಆ ವಾರ ಅದನ್ನು ಮುಟ್ಟಬಾರದು. ಕಸುಬು ಬಲ್ಲವರಿಗೆ ಅಷ್ಟು ಸಾಕಿತ್ತು. ಆ ಮೇಜಿನ ಸುತ್ತ ಅಂಥವರು ಯಾರಿದ್ದರು ಸ್ವಾಮಿ? ಅವಳ ಅರ್ಜಿಯ ಮೇಲೆ "ನಕಲು" ಎಂದು ಬರೆದಿರಿ. ಇನ್ನು ಅವಳು ಯಾವ ವಿನಿಮಯಕ್ಕೂ ಅರ್ಜಿ ಹಾಕುವಂತಿಲ್ಲ.

ಹೊರಬಂದವಳು, "ಯಾರದ್ದು ನೋಡಿ ಬರೆದೆ ಅಂತ ಕೇಳಿದ್ರು ಕಣೇ, ನಂಗೇನೂ ಅರ್ಥ ಆಗ್ಲಿಲ್ಲ" ಎಂದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದೆ. ಆಗಲೇ ಬಾಗಿಲು ತಳ್ಳಿ ಒಳಗೆ ಬರಬೇಕಿತ್ತು. ಬರಲಿಲ್ಲ. ಅಲ್ಲಿ ಚಳಿಯೆಂದು ಅವಳು ತನ್ನ ಕೈಗವಸುಗಳನ್ನು ನನ್ನ ಪೆಟ್ಟಿಗೆಯಲ್ಲಿಟ್ಟ ದಿನದಿಂದ ನನಗೆ ಆ ಪೆಟ್ಟಿಗೆಯ ಮುಖ ನೋಡಲಾಗುತ್ತಿಲ್ಲ.

ನಾನು ಬಿಟ್ಟರೆ ಸೀಟು ರದ್ದಂತೆ, ಎರಡನೆಯವರಿಗೆ ಹೋಗುವುದಿಲ್ಲವಂತೆ. ಕದ್ದವಳು ಹೋಗಬಹುದು, ಕಳೆದುಕೊಂಡವಳು ಹೋಗಬಾರದು ಎನ್ನುವ ಈ ನಿಯಮವನ್ನು ಯಾವ ಪುಣ್ಯಾತ್ಮರು ಬರೆದರೋ! ನನ್ನ ಬೇಡಿಕೆ ಇಷ್ಟೇ. ಅವಳ ಅರ್ಜಿಯಲ್ಲಿರುವ ಆ ಪದವನ್ನು ನನ್ನ ಅರ್ಜಿಗೆ ವರ್ಗಾಯಿಸಿ, ನನ್ನ ಸೀಟನ್ನು ಅವಳಿಗೆ ವರ್ಗಾಯಿಸಿ. ನಿಮ್ಮದು ವಿನಿಮಯ ವಿಭಾಗವಲ್ಲವೇ?

ಇಷ್ಟು ಬರೆದು, ಪತ್ರವನ್ನು ನಿಮಗಿಂತ ಮೊದಲು ಅವಳ ಕೈಗಿಟ್ಟೆ. ನಿಂತೇ ಓದಿದಳು. ಪೆಟ್ಟಿಗೆಯಿಂದ ಕೈಗವಸು ತೆಗೆದುಕೊಂಡು, ಬಾಗಿಲ ಬಳಿ ಹೋಗಿ ಹೇಳಿದಳು, "ಒಂಬತ್ತಲ್ಲ, ಹತ್ತನೇ ವಾರ."

ನಕಲು ಮಾಡುವಾಗ ನಾನು ತಪ್ಪಿ ಬರೆದುಕೊಂಡ ಆ ಒಂಬತ್ತನ್ನು ಮೇಲೆ ತಿದ್ದಿಲ್ಲ. ಕದ್ದವಳು ಯಾರೆಂಬುದಕ್ಕೆ ಪುರಾವೆಯಾಗಿ ಇರಲಿ.

ಇಂತಿ,
ನಕಲನ್ನೂ ನೆಟ್ಟಗೆ ಮಾಡಲು ಬಾರದ,
ನಿಮ್ಮ ಪಟ್ಟಿಯ ಮೊದಲನೆಯವಳು