ಕಿರುಬೆರಳಿನ ಹದ

ಬೇಕರಿಯ ಹಿಂದಿನ ಕೋಣೆ,
ಹದಿನೆಂಟನೆಯ ತಾರೀಕು, ಗುರುವಾರ ಬೆಳಿಗ್ಗೆ

ಮುದ್ದು ತಮ್ಮಾ,

ಹೇಗಿದ್ದೀಯ? ಮಾವನ ಮನೆಯ ಊಟ ಮೈಗೆ ಹತ್ತುತ್ತಿದೆಯೆ? ಸಾಕು ಎಂದರೆ ಅತ್ತೆಗೆ ಇನ್ನೂ ಕಿವಿ ಕೇಳಿಸುವುದಿಲ್ಲವೆ? ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನ ಬಲಗೈ ಕಿರುಬೆರಳು ಹೇಗಿದೆ? ಊತ ಇಳಿಯಿತೆ, ಕೀವು ನಿಂತಿತೆ, ಹೊಸ ಉಗುರು ಇಣುಕುತ್ತಿದೆಯೆ? ನೂರಾ ಹನ್ನೆರಡು ಜನರ ಕ್ಷೇಮ ಕೆಡಿಸಿದ ಬೆರಳು ಅದು. ಅದರ ಕ್ಷೇಮ ಕೇಳದೆ ಬೇರೆ ಸುದ್ದಿಗೆ ಹೋದರೆ ಮರ್ಯಾದೆಯಲ್ಲ. ಹನ್ನೆರಡು ದಿನದಿಂದ ಫೋನ್ ಆಫ್ ಮಾಡಿಟ್ಟಿದ್ದೀಯ. ಅಪ್ಪನ ಉಪದೇಶ ಎಂದು ಗೊತ್ತು. ಕಾಗದಕ್ಕೆ ಆಫ್ ಮಾಡುವ ಗುಂಡಿ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಅಂಗಡಿಯ ಮುಂಬಾಗಿಲಿಗೆ ಇಲಾಖೆಯವರ ಬೀಗ. ಒಲೆ ತಣ್ಣಗಾಗಿದೆ, ಅಪ್ಪ ಮಾತ್ರ ಬಿಸಿಯಾಗಿದ್ದಾರೆ. ನೀನು ಆ ಶನಿವಾರ ಸಂಜೆಯ ಬಸ್ಸಿಗೇ ಹೊರಟುಬಿಟ್ಟೆ, ಹಾಗಾಗಿ ನಿನ್ನ ಕೈರುಚಿಯ ಪೂರ್ತಿ ಪ್ರಭಾವ ನೋಡುವ ಭಾಗ್ಯ ನಿನಗಿರಲಿಲ್ಲ. ಶಾಲೆಯವರು ಕ್ರೀಡಾಕೂಟದಲ್ಲಿ ಕ್ರೀಮ್ ಬನ್ನು ಹಂಚಿದ್ದು ಹನ್ನೊಂದಕ್ಕೆ. ಒಂದೂವರೆಗೆ ಓಟದ ಗೆರೆಯ ಮೇಲೆ ಸಾಲಾಗಿ ನಿಂತಿದ್ದ ಮಕ್ಕಳು ಸೀಟಿ ಊದುವ ಮುಂಚೆಯೇ ಓಡಿದರು, ಗುರಿ ಬೇರೆಯಾಗಿತ್ತು, ಅಷ್ಟೆ. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಮೂರು ಮಕ್ಕಳು, ಮೂವರಿಗೂ ಸೇರಿ ಒಂದು ಬಕೆಟ್ಟು. ಮುಖ್ಯೋಪಾಧ್ಯಾಯಿನಿಯ ಎದುರು ಅಪ್ಪ ಕೈಮುಗಿದು, ಏನೋ ತಪ್ಪಾಗಿದೆ, ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ ಎಂದರು. ಹೊಟ್ಟೆಗೆ ಹಾಕಿಕೊಂಡಿದ್ದಕ್ಕೇ ಈ ಗತಿ ಎಂದು ಆಕೆ ಪಕ್ಕದ ಬಕೆಟ್ಟಿಗೆ ಬಾಗಿದರು. ಮಕ್ಕಳೆಲ್ಲ ಮಾರನೆಯ ಬೆಳಿಗ್ಗೆ ಎದ್ದು ಕೂತವು. ಆ ವಯಸ್ಸಿಗೆ ಏನೂ ನಾಟುವುದಿಲ್ಲ.

ಕ್ರೀಡಾಕೂಟದ ಹಿಂದಿನ ದಿನ, ಶುಕ್ರವಾರ ಸಂಜೆಯನ್ನು ಒಮ್ಮೆ ನೆನಪು ಮಾಡಿಕೊ. ನೀನು ಹಾಲು, ಮೊಟ್ಟೆ, ಸಕ್ಕರೆ ಕಾಯಿಸಿ ಇಳಿಸಿದ್ದೆ. ನಮ್ಮ ಮನೆತನದ ಪದ್ಧತಿಯ ಪ್ರಕಾರ ಕಿರುಬೆರಳನ್ನು ಕ್ರೀಮಿನಲ್ಲಿ ಅದ್ದಿ, ಹನಿ ಎಷ್ಟು ಹೊತ್ತು ತುದಿಯಲ್ಲಿ ನಿಲ್ಲುತ್ತದೆ ಎಂದು ನೋಡಿದೆ. ತಾತ ನೋಡುತ್ತಿದ್ದರು, ಅಪ್ಪ ನೋಡುತ್ತಿದ್ದರು, ನೀನೂ ನೋಡಿದೆ. ವ್ಯತ್ಯಾಸವೆಂದರೆ ತಾತನ ಬೆರಳಿಗೆ ಉಗುರುಸುತ್ತು ಇರಲಿಲ್ಲ. ಬೆರಳಿನ ಪಟ್ಟಿ ಬಿಚ್ಚಬೇಡ, ಚಮಚ ತಗೊ ಎಂದು ನಾನು ಹೇಳಿದೆ. "ಚಮಚಕ್ಕೇನು ಗೊತ್ತಾಗುತ್ತೆ ಹದ, ನೀನು ಗಲ್ಲಾ ನೋಡ್ಕೊ ಅಕ್ಕ" ಅಂದೆ ನೀನು. ಬೋರ್ಡಿನ ಮೇಲೆ ಇರುವುದು 'ಮತ್ತು ಪುತ್ರ' ಎಂದು. ಪುತ್ರಿಯ ಮಾತಿಗೆ ಅಲ್ಲಿ ಜಾಗವಿಲ್ಲ, ನಾನು ಗಲ್ಲಾದ ಮುಂದೆ ಹೋಗಿ ಕೂತೆ. ಆಮೇಲೆ ನೀನು, ಕ್ರೀಮ್ ಗಟ್ಟಿಯಾದರೆ ಬನ್ನು ಹರಿಯುತ್ತದೆಂದು ಪಾತ್ರೆಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ, ಬೆಚ್ಚಗೆ, ಮಗುವನ್ನು ಮಲಗಿಸಿದ ಹಾಗೆ ಮುಚ್ಚಿಟ್ಟೆ. ಬೆಳಗಿನವರೆಗೆ ಒಳಗೆ ಏನೇನು ಹುಟ್ಟಿ ಬೆಳೆದು ಸಂಸಾರ ಮಾಡಿತೋ ಯಾರಿಗೆ ಗೊತ್ತು.

ಇನ್ನು ನನ್ನ ಪಾಲು. ಬೆಳಿಗ್ಗೆ ನಿನಗೇ ಯಾಕೋ ಅಳುಕಾಗಿ ಪಾತ್ರೆ ನನ್ನ ಮುಂದೆ ಹಿಡಿದೆ. ಬಣ್ಣ ಸರಿಯಾಗಿತ್ತು, ವಾಸನೆ ಇರಲಿಲ್ಲ, ರುಚಿಯೂ ಕೆಟ್ಟಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದ ನಾನು ಗಂಭೀರವಾಗಿ, "ಇನ್ನೊಂದು ಸಲ ಚೆನ್ನಾಗಿ ಕುದಿಸು, ಏನಿದ್ರೂ ಸತ್ತುಹೋಗುತ್ತೆ" ಎಂದೆ. ನೀನು ಕುದಿಸಿದೆ. ಸತ್ತವು ಕೂಡ. ಅವು ಉಗುಳಿಟ್ಟಿದ್ದ ನಂಜು ಮಾತ್ರ ಹಾಗೇ ಉಳಿಯಿತು. ಇದನ್ನು ನನಗೆ ಆಮೇಲೆ ತಿಳಿಸಿಕೊಟ್ಟವರು ಆರೋಗ್ಯ ಇಲಾಖೆಯ ಅಧಿಕಾರಿ. ಎಲ್ಲರ ಮೂಗಿಗೂ ಹತ್ತಿ ಸುತ್ತಿದ ಕಡ್ಡಿ ತೂರಿಸುತ್ತಾರಾದ್ದರಿಂದ ಊರು ಅವರಿಗೆ ಮೂಗುಕಡ್ಡಿ ಸಾಹೇಬರು ಎಂದು ಹೆಸರಿಟ್ಟಿದೆ. "ಕ್ರಿಮಿ ಸಾಯುತ್ತಮ್ಮ. ನಂಜಿಗೆ ಜೀವವೇ ಇಲ್ಲ, ಅದು ಹೇಗೆ ಸಾಯುತ್ತೆ?" ಅಂದರು. ಪ್ರಥಮ ದರ್ಜೆಯ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿದ್ದೇನೆ. ಹೋಗುವಾಗ ಅವರು ಅಪ್ಪನ ರಸ್ಕಿನ ರಹಸ್ಯವನ್ನೂ ಪತ್ತೆಹಚ್ಚಿದರು. ಬೂಷ್ಟು ಹಿಡಿದ ಅಂಚು ಕತ್ತರಿಸಿ, ಉಳಿದ ಬ್ರೆಡ್ಡನ್ನು ಒಣಗಿಸಿ ಮಾರುವುದು ನಮ್ಮ ಇನ್ನೊಂದು ಮನೆತನದ ವಿದ್ಯೆ ತಾನೆ? ಕಣ್ಣಿಗೆ ಕಾಣುವ ಹಸಿರನ್ನು ಕತ್ತರಿಸಬಹುದು, ಒಳಗೆ ಇಳಿದ ವಿಷವನ್ನು ಯಾವ ಚಾಕುವಿನಿಂದ ಕತ್ತರಿಸುತ್ತೀರಿ ಎಂದು ಕೇಳಿದರು. ಅಪ್ಪ ಚಾಕು ತೊಳೆಯಲು ಹೋದರು.

ಇಷ್ಟೆಲ್ಲ ನಗುತ್ತಾ ಬರೆದೆ. ಮುಂದಿನದನ್ನು ಹಾಗೆ ಬರೆಯಲು ಬರುತ್ತಿಲ್ಲ, ಆದರೂ ನೋಡೋಣ. ನಾವು ಹುಟ್ಟುವ ಮುಂಚಿನಿಂದ ನಮ್ಮಲ್ಲಿ ಹಿಟ್ಟು ನಾದುತ್ತಿರುವ ಹಿಟ್ಟಜ್ಜನ ಮನೆಗೆ ಒಡೆದ, ಸೊಟ್ಟಗಾದ ಬನ್ನುಗಳು ಹೋಗುವುದು ವಾಡಿಕೆ. ಅವತ್ತು ಮೂರು ಒಡೆದಿದ್ದವು. ನಾನೇ ಕಾಗದದಲ್ಲಿ ಕಟ್ಟಿಕೊಟ್ಟೆ. ಅಜ್ಜನಿಗೆ ಸಕ್ಕರೆ ಕಾಯಿಲೆ, ಮುಟ್ಟಲಿಲ್ಲ. ಅವನ ಹೆಂಡತಿ ಒಂದೂವರೆ ತಿಂದಳು. ಮೊದಲೇ ನಿತ್ರಾಣದ ಜೀವ. ಆಸ್ಪತ್ರೆಯಲ್ಲಿ ಮಂಚವೆಲ್ಲ ಮಕ್ಕಳಿಗೆ ಹೋಗಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು, ನನಗೇನಾಗಿದೆ, ಮೊದಲು ಕೂಸುಗಳನ್ನ ನೋಡಿ ಎಂದು ನರ್ಸನ್ನು ಮೂರು ಸಲ ವಾಪಸ್ಸು ಕಳಿಸಿದಳಂತೆ. ನಾಲ್ಕನೆಯ ಸಲ ನರ್ಸ್ ಬಂದಾಗ ಕಳಿಸುವುದಕ್ಕೆ ಅವಳಿರಲಿಲ್ಲ. ಇದಿಷ್ಟನ್ನು ಅಪ್ಪ ಮಾವನ ಮೂಲಕ ನಿನಗೆ ತಿಳಿಸಿದ್ದಾರೆ. ಮುಂದಿನದನ್ನು ಹೇಳಿರಲಾರರು.

ಮೂಗುಕಡ್ಡಿ ಸಾಹೇಬರು ಅಪ್ಪನ, ನನ್ನ, ಅಜ್ಜನ ಮೂಗು ಮತ್ತು ಕೈಗಳಿಂದ ಮಾದರಿ ತೆಗೆದರು. ಬೇಕರಿಯಲ್ಲಿ ಇನ್ಯಾರು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ ಅಪ್ಪ, ಮಗ ಒಂದು ತಿಂಗಳಿಂದ ಪರ ಊರಿನಲ್ಲಿದ್ದಾನೆ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಇದೂ ನನ್ನ ಪಾಲಿಗೆ ಸೇರಿಸು. ಮೊದಲ ವರದಿಯಲ್ಲಿ ಅಜ್ಜನ ಮೂಗಿನಲ್ಲಿ ಆ ಜಾತಿಯ ಕ್ರಿಮಿ ಇದೆ ಎಂದು ಬಂತು. ಯಾವ ಮೂವರನ್ನು ನೋಡಿದರೂ ಒಬ್ಬರ ಮೂಗಿನಲ್ಲಿ ಅದು ಇದ್ದೇ ಇರುತ್ತದೆ, ಇದರಿಂದಲೇ ಏನೂ ತೀರ್ಮಾನವಾಗದು ಎಂದು ಸಾಹೇಬರು ಹೇಳಿದ್ದನ್ನು ಅಪ್ಪ ಅಜ್ಜನಿಗೆ ದಾಟಿಸಲಿಲ್ಲ. ಅವನನ್ನು ಕೂರಿಸಿಕೊಂಡು, ಬಹಳ ಪ್ರೀತಿಯಿಂದ, ಹೆಗಲ ಮೇಲೆ ಕೈಯಿಟ್ಟು, "ನಿನ್ನ ಮೂಗಿನಿಂದಲೇ ಆಗಿದ್ದಂತೆ ಕಣೋ. ಹೋಗ್ಲಿ ಬಿಡು, ನಿನ್ನ ಹೆಂಡತಿ ವಿಷಯ ನಾನು ಯಾರ ಹತ್ರಾನೂ ಎತ್ತಲ್ಲ" ಎಂದರು. ಅಜ್ಜ ಎದ್ದು ಅಪ್ಪನಿಗೆ ಕೈಮುಗಿದ. ಇಂಥ ಉಪಕಾರಕ್ಕೆ ಕೈಮುಗಿಯದೆ ಇರುತ್ತಾರೆಯೆ? ಆಮೇಲೆ, ಅವತ್ತು ಕ್ರೀಮ್ ಕಲಸಿ ತುಂಬಿದವನು ನಾನೇ ಎಂದು ಅಪ್ಪ ಬರೆದಿಟ್ಟ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ. ಅದು ಸೋಮವಾರ ಇಲಾಖೆಗೆ ಹೋಗುತ್ತದೆ. ಆವತ್ತಿನಿಂದ ಕೇಸು ಅವನದು, ಅಂಗಡಿ ನಮ್ಮದು.

ಈಗ ಅಜ್ಜ ಮನೆಯಲ್ಲಿ ಒಬ್ಬನೇ ಇದ್ದಾಗಲೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿರುತ್ತಾನೆ. ಸೋಡಾಪುಡಿ ಹಾಕಿ ಕೈ ಉಜ್ಜಿ ಉಜ್ಜಿ ಚರ್ಮ ಸುಲಿದಿದೆ. ಪಕ್ಕದ ಮನೆಯವರು ಕಾಫಿ ಕೊಟ್ಟರೆ ಲೋಟ ಮುಟ್ಟದೆ, ಅಲ್ಲೇ ಕೆಳಗಿಡಿ ಎನ್ನುತ್ತಾನೆ. ಮೊನ್ನೆ ನನ್ನನ್ನು ಕೇಳಿದ, ಅವಳ ಪಕ್ಕದಲ್ಲಿ ನಲವತ್ತು ವರ್ಷ ಮಲಗಿದ್ದೆನಲ್ಲ, ಆಗೆಲ್ಲ ಉಸಿರು ಬಿಟ್ಟರೂ ಏನೂ ಆಗದ್ದು ಈಗ ಯಾಕಾಯಿತು ಎಂದು. ಮಾತು ಬಲ್ಲವಳು ಎಂದು ಹೆಸರಾದ ನಿನ್ನ ಅಕ್ಕ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಅವನ ಪಕ್ಕ ಇಟ್ಟು ಬಂದಳು.

ಉತ್ತರ ನಿನ್ನೆ ಅಂಚೆಯಲ್ಲಿ ಬಂತು. ಎರಡನೆಯ ವರದಿ. ಅಜ್ಜನ ಮೂಗಿನ ಕ್ರಿಮಿಯನ್ನು ಬೇರೆಯಾಗಿ ಬೆಳೆಸಿ ನೋಡಿದ್ದಾರೆ. ಅದು ಯಾವ ನಂಜನ್ನೂ ಉಗುಳುವ ಜಾತಿಯಲ್ಲ. ಕ್ರೀಮಿನಲ್ಲಿದ್ದ ನಂಜು ಬೇರೆ ಯಾರದೋ ಮೈಯಿಂದ ಬಂದದ್ದು. ಅಪ್ಪ ಅದನ್ನು ಬಿಸ್ಕೆಟ್ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಾರೆ. ಅಜ್ಜನಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕಾದವನು ನೀನು. ಅವನ ಹೆಗಲ ಮೇಲೆ ಕೂತು ಊರು ನೋಡಿದವನು ನೀನು. ಸೋಮವಾರ ಹತ್ತು ಗಂಟೆಗೆ ಸಾಹೇಬರ ಕಚೇರಿಗೆ ಹೋಗಿ ನನ್ನ ಪಾಲನ್ನು ನಾನು ಒಪ್ಪಿಕೊಳ್ಳುತ್ತೇನೆ. ನಿನ್ನ ಪಾಲನ್ನೂ ನಾನೇ ಹೇಳುವ ಹಾಗೆ ಮಾಡಬೇಡ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ. ನೀನು ಹೊತ್ತುಹೊತ್ತಿಗೆ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ಬಂದರೆ. ನಿನಗೆ ಒಳ್ಳೆಯದಾಗಲಿ ಎಂದು ಈಗಲೂ ಬಯಸುವ,

ಅಕ್ಕ

ಮ.ವಿ.: ಅವಸರದಲ್ಲಿ ಬರೆಯುತ್ತಿದ್ದೇನೆ, ಎರಡು ಗಂಟೆಗೆ ಬಸ್ಸು. ಲಕೋಟೆ ಅಂಟಿಸುವ ಹೊತ್ತಿಗೆ ಅಜ್ಜ ಬಂದ. ಹುಡುಗನಿಗೆ ಬರೀತಿದ್ದೀಯಾ, ನಾನು ಕೇಳಿದೆ ಅಂತ ಬರಿ ಎಂದ. ತಡೆಯಲಾಗದೆ ಮೊದಲಿನಿಂದ ಕೊನೆಯವರೆಗೆ ಓದಿಬಿಟ್ಟೆ, ಒಂದು ಸಾಲೂ ಬಿಡದೆ, ನನ್ನ ನಗೆಚಾಟಿಕೆಯನ್ನೂ ಬಿಡದೆ. ಮೂಗಿನ ಬಟ್ಟೆ ಬಿಚ್ಚಿ ಮಡಚಿಟ್ಟುಕೊಂಡ. "ಹಂಗಾದ್ರೆ ನನ್ನಿಂದ ಅಲ್ಲ" ಎಂದ. ಅಲ್ಲ ಎಂದೆ. ಮತ್ತೆ ಕೇಳಿದ, ಮತ್ತೆ ಅಲ್ಲ ಎಂದೆ. ಅಂಚೆಗೆ ಹಾಕಬೇಡ, ಎರಡರ ಬಸ್ಸಿಗೆ ಹೋಗಿ ನಾನೇ ಕೊಡ್ತೀನಿ ಎಂದು ಕೈ ಚಾಚಿದ. ಈ ಕಾಗದ ತಂದುಕೊಟ್ಟವನಿಗೆ ಓದು ಬರದು. ಆದರೆ ಇದರಲ್ಲಿ ಏನಿದೆಯೆಂದು ನಿನಗಿಂತ ಮೊದಲು ಅವನಿಗೆ ಗೊತ್ತು. ನಿನ್ನ ಎದುರಿಗೇ ಕೂತಿರುತ್ತಾನೆ. ತಲೆ ಎತ್ತಿ ನೋಡು.