ಗುಲಾಬಿ ಚಾಳೀಸು

ಸಿಂಧನೂರು,
ಭಾನುವಾರ, ೨೦ ಜುಲೈ ೨೦೨೫

ಪ್ರೀತಿಯ ವೀರಭದ್ರಮ್ಮಗೆ ಶರಣು.

ಗಂಡನಾದವನು ಹೆಂಡತಿಗೆ ಆಶೀರ್ವಾದ ಎಂದು ಬರೆಯುವುದು ನಮ್ಮಪ್ಪನ ಕಾಲದ ರೂಢಿ. ಈ ಸಲ ಅದಕ್ಕೆ ನನ್ನ ಕೈ ಏಳಲಿಲ್ಲ, ಶರಣು ಎಂದೇ ಬರೆದೆ. ಪತ್ರದ ಜೊತೆ ವೀರೇಶನ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ನಿನ್ನ ಓದುವ ಕನ್ನಡಕ, ಆ ಚಾಳೀಸು ಇದೆ, ನೀನು ಶೈಲಜಾಳ ಬಾಣಂತನಕ್ಕೆ ಹೋಗುವಾಗ ನನಗೆ ಬಿಟ್ಟುಹೋದದ್ದು. ಮೊದಲು ಅದನ್ನು ಹಾಕಿಕೊಳ್ಳಬೇಕು, ಪತ್ರವನ್ನು ಮಗಳ ಕೈಗೆ ಓದಲು ಕೊಡಬಾರದು ಎಂದು ನಿನಗೆ ಬಾಯಿಂದಲೇ ಹೇಳುವಂತೆ ವೀರೇಶನಿಗೆ ತಾಕೀತು ಮಾಡಿದ್ದೇನೆ. ಅಂಗಡಿಯ ಪಾತ್ರೆ ಸಾಗಿಸುವ ಗಾಡಿಯವನು, ಲಿಂಗಸುಗೂರು ಮುಟ್ಟುವವರೆಗೆ ಎಷ್ಟು ನೆನಪಿಡುತ್ತಾನೋ ಕಾಣೆ. ಹಾಕಿಕೊಂಡ ಮೇಲೂ ಪತ್ರ ಆಮೇಲೆ ಓದು, ಮೊದಲು ಮೊಮ್ಮಗಳ ಮುಖ ನೋಡು. ‘ಅವ್ವ ಕೂಸಿನ್ನ ಕೈ ಚಾಚಿ ದೂರ ಹಿಡದು ನೋಡ್ತಾಳಪ್ಪ, ಹತ್ರ ಕಾಣಂಗಿಲ್ಲಂತ’ ಎಂದು ಶೈಲಜಾ ಫೋನಿನಲ್ಲಿ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ನಿನ್ನ ಆರೋಗ್ಯ ಹೇಗಿದೆ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಎಣ್ಣೆಯೆಲ್ಲ ಕೂಸಿಗೇ ಖರ್ಚೋ? ಹೋದ ಸೋಮವಾರದಿಂದ ನಾನು ಯಾವಾಗ ಫೋನ್ ಮಾಡಿದರೂ ಶೈಲಜಾ ಎತ್ತಿ ‘ಅವ್ವ ಕೂಸಿಗೆ ಎಣ್ಣಿ ಹಚ್ಚಾಕತ್ಯಾಳ’ ಅನ್ನುತ್ತಾಳೆ. ಮುಂಜಾನೆಯೂ ಎಣ್ಣೆ, ಮಧ್ಯಾಹ್ನವೂ ಎಣ್ಣೆ, ದೀಪ ಹಚ್ಚುವ ಹೊತ್ತಿಗೂ ಎಣ್ಣೆ. ಕೂಸು ಕೈಯಿಂದ ಜಾರದಂತೆ ನೋಡಿಕೊಳ್ಳಿ ತಾಯಿ. ನೀನು ನನ್ನ ಜೊತೆ ಮಾತಾಡಲು ಒಲ್ಲೆ ಎನ್ನುವುದು ನನಗೆ ತಿಳಿಯದ್ದಲ್ಲ, ನಿನ್ನ ಸಿಟ್ಟೂ ಸರಿಯಾದದ್ದೇ. ಅದಕ್ಕೇ ಪತ್ರ ಬರೆಯಲು ಕೂತೆ. ನನ್ನ ಊಟದ ಚಿಂತೆ ಮಾಡಬೇಡ. ಪಕ್ಕದ ಮನೆಯ ಕರೆಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಹೋಗುತ್ತಾಳೆ. ಇಡುವಾಗ ಪ್ರತಿದಿನ ‘ಮಸ್ಕಿ ಬೀಗರು ಆರಾಮ ಅದಾರೇನ್ರಿ ಯಪ್ಪಾ?’ ಎಂದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ತಲೆ ಎತ್ತದೆ ಆ ರೊಟ್ಟಿ ತಿನ್ನುತ್ತೇನೆ.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ನನ್ನ ಬಾಯಿಂದ ನೀನು ಒಮ್ಮೆ ಕೇಳಬೇಕು. ನೀನು ಹೊರಡುವ ದಿನವೇ ನಾನು ನನ್ನ ಕನ್ನಡಕದ ಮೇಲೆ ಕೂತು ಅದನ್ನು ಮುರಿದೆ. ಬಸ್ಸಿಗೆ ಹೊತ್ತಾಗಿತ್ತು. ‘ನಂಗೇನ್ರಿ ಅಲ್ಲಿ ಓದೂ ಕೆಲಸ, ನೀವು ಭಾಂಡೆದ ಮ್ಯಾಲೆ ಹೆಸರು ಹಾಕೋರು’ ಎಂದು ನೀನು ನಿನ್ನದನ್ನೇ ತೆಗೆದು ನನ್ನ ಜೇಬಿಗೆ ಇಟ್ಟೆ. ಅದೋ ಗುಲಾಬಿ ಬಣ್ಣದ್ದು, ಎರಡೂ ಬದಿಗೆ ಸಣ್ಣ ಹೂವು, ಶೈಲಜಾ ಪೋಣಿಸಿದ ಮಣಿಯ ದಾರ ಬೇರೆ. ಆ ದಾರವನ್ನು ಕೊರಳಿಗೆ ಹಾಕಿಕೊಂಡೇ ಇರಿ ಎಂದು ನೀನು ಹೇಳಿದ್ದೆ. ‘ಕೊರಳಾಗಿನ ಲಿಂಗ ಎಂದಾದ್ರೂ ಮರತೀರೇನ್ರಿ? ಅದರ ಬಾಜೂಕ ಇದೂ ಇರಲಿ’ ಎಂದದ್ದಕ್ಕೆ, ಲಿಂಗದ ಸಮಕ್ಕೆ ಚಾಳೀಸು ಕಟ್ಟಿಕೊಳ್ಳಬೇಕೇನು ಎಂದು ನಾನು ದೊಡ್ಡ ಶರಣನ ಹಾಗೆ ರೇಗಿದೆ. ಮೊದಲ ದಿನ ಅಂಗಡಿಯಲ್ಲಿ ಅದನ್ನು ಹಾಕಿಕೊಂಡಾಗ ಚಹಾ ಅಂಗಡಿಯ ಅಖ್ತರ್ ‘ಏನ್ ಸಾವ್ಕಾರ್ರ, ಇವತ್ತ ಅಮ್ಮಾರು ಗಲ್ಲಾದ ಮ್ಯಾಲೆ ಕುಂತಾರಲ್ಲ’ ಎಂದ. ಗಿರಾಕಿಗಳೆಲ್ಲ ನಕ್ಕರು. ಅಲ್ಲಿಂದ ನನ್ನದು ಒಂದು ಹೊಸ ಆಟ ಶುರುವಾಯಿತು. ಪಾತ್ರೆಗೆ ಹೆಸರು ಕೊರೆಯುವಾಗ ಒಳಗಿನ ಕೋಣೆಗೆ ಹೋಗಿ ಹಾಕಿಕೊಳ್ಳುವುದು, ಹೊರಗೆ ಬರುವಾಗ ತೆಗೆಯುವುದು, ತೆಗೆದದ್ದನ್ನು ಎಲ್ಲೋ ಇಟ್ಟು ಆಮೇಲೆ ಬಿಂದಿಗೆಯೊಳಗೆಲ್ಲ ಕೈ ಹಾಕಿ ಹುಡುಕುವುದು. ಹೊಸದು ನಾಳೆ ತಂದರಾಯಿತು ಎನ್ನುತ್ತಲೇ ತಿಂಗಳು ಕಳೆಯಿತು.

ಆ ಸೋಮವಾರ ಅಂಗಡಿಯಲ್ಲಿ ಗೊರೇಬಾಳದವರು ತುಂಬಿದ್ದರು, ಶ್ರಾವಣದ ಮದುವೆಗೆ ಪಾತ್ರೆ ತೆಗೆಯಲು ಬಂದವರು. ಫೋನಿಗೆ ವರ್ತಕರ ಗ್ರೂಪಿನಿಂದ ಒಂದು ಫೋಟೊ ಬಂತು. ನಿಮ್ಮಣ್ಣ ಗುರುಬಸವ ಅವರದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಎದೆ ಮುಚ್ಚುವ ಹಾರ. ಕೆಳಗಿನ ಅಕ್ಷರಗಳು ನನ್ನ ಕಣ್ಣಿಗೆ ಇರುವೆ ಸಾಲು. ಅದರ ಕೆಳಗೆ ಊರ ಮಂದಿಯೆಲ್ಲ ಕೈಮುಗಿದ ಚಿತ್ರ ಒತ್ತಿದ್ದರು. ಕನ್ನಡಕ ಕೈಗೆ ಸಿಗಲಿಲ್ಲ. ಸಾವಿನ ಮನೆಗೆ ಫೋನ್ ಹಚ್ಚಿ ಖರೆಯೋ ಸುಳ್ಳೋ ಎಂದು ಕೇಳುವುದು ಯಾವ ಬಾಯಿಂದ? ನಿನಗೇ ಫೋನ್ ಮಾಡಿ ‘ನಿಮ್ಮಣ್ಣಾರು ಲಿಂಗೈಕ್ಯ ಆಗ್ಯಾರ, ಮಸ್ಕಿಗೆ ಬಾ’ ಎಂದೆ. ನಂಬಲಿ ಎಂದು ಫೋಟೊವನ್ನೂ ಕಳಿಸಿದೆ. ನಿನ್ನ ಚಾಳೀಸು ನನ್ನ ಕಡೆ ಇತ್ತಲ್ಲ, ನಿನ್ನ ಕಣ್ಣಿಗೂ ಹಾರವೊಂದೇ ಕಂಡಿತು. ಶೈಲಜಾಗೆ ತೋರಿಸಿದ್ದರೆ ಓದಿ ಹೇಳುತ್ತಿದ್ದಳು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಬಾರದೆಂದು ನೀನು ಏನೋ ನೆಪ ಹೇಳಿ ಬಸ್ಸು ಹತ್ತಿದೆ. ಆ ಹಾರ ಸಾವಿನದಲ್ಲ ಎಂದು ಆಮೇಲೆ ತಿಳಿಯಿತು, ನಿಮ್ಮಣ್ಣ ವರ್ತಕರ ಸಂಘಕ್ಕೆ ಅಧ್ಯಕ್ಷರಾದದ್ದಕ್ಕೆ ಸನ್ಮಾನ ಮಾಡಿದ್ದರಂತೆ. ಕೆಳಗೆ ಅಭಿನಂದನೆಗಳು ಎಂದು ಬರೆದಿದ್ದರಂತೆ. ಅದನ್ನರಿಯದ ನಾನು ಅಂಗಡಿಯ ಬಾಗಿಲೆಳೆದು, ಚೆಂಡುಹೂವಿನ ಹಾರ ಕೊಂಡು, ಮಸ್ಕಿಯ ಬಸ್ಸಿನಲ್ಲಿ ಅಕ್ಕಪಕ್ಕದವರಿಗೂ ಸಾವಿನ ಸುದ್ದಿ ಹೇಳುತ್ತಾ ಬಂದೆ.

ನೀನು ನನಗಿಂತ ಮೊದಲೇ ಬಂದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಓಣಿಯ ತಿರುವಿನವರೆಗೆ ತಡೆದುಕೊಂಡು, ಅಲ್ಲಿಂದ ದನಿ ಎತ್ತಿದೆ. ತವರಿನ ಸಾವಿಗೆ ಹೋಗುವ ಹೆಣ್ಣುಮಗಳು ಹಾಡಿ ಅಳುತ್ತಲೇ ಬಾಗಿಲು ಮುಟ್ಟಬೇಕಲ್ಲ. ‘ಯಣ್ಣಾ, ಅವ್ವ ಹ್ವಾದ ಮ್ಯಾಲೆ ಪಂಚಮಿಗೆ ಕರಿಯಾಕ ಬರಲಿಲ್ಲಲ್ಲೋ ನನ್ನಪ್ಪಾ. ಸೀರಿ ಬ್ಯಾಡಾಗಿತ್ತೋ, ಕುಬಸಾ ಬ್ಯಾಡಾಗಿತ್ತೋ, ಬಾ ತಂಗಿ ಅಂದಿದ್ರ ಬರಿಗಾಲಲೇ ಓಡಿ ಬರ್ತಿದ್ದೆನಲ್ಲೋ. ವರ್ಷಾ ಬಾಗಲದಾಗ ನಿಂತು ದಾರಿ ನೋಡಿದೆನಲ್ಲೋ...’ ಮನೆಮನೆಯ ಬಾಗಿಲು ತೆರೆದವು. ಕೆಲವು ಹೆಂಗಸರು ಕಣ್ಣೊರೆಸಿಕೊಳ್ಳುತ್ತಾ ನಿನ್ನ ಹಿಂದೆ ಬಂದರು, ನಿಲ್ಲಿಸಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ನೀನು ಅಂದೆ: ‘ಗಂಡಗೂ ಹೇಳಲಿಲ್ಲೋ ಯಣ್ಣಾ, ಹೇಳಿದ್ರ ಚ್ಯಾಷ್ಟಿ ಮಾಡ್ತಾನಂತ ನುಂಗಿಕೊಂಡೆನೋ.’ ವೀರಭದ್ರಮ್ಮಾ, ಆ ಮಾತಿಗೆ ನನ್ನ ಕಾಲು ಅಲ್ಲೇ ನಿಂತವು. ಪ್ರತಿ ಪಂಚಮಿಗೆ ನೀನು ಬಾಗಿಲಲ್ಲಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ‘ಹಾಲು ಕುಡ್ಯಾಕ ಹಾವು ಮನೀಗೇ ಬರ್ತೈತೇನು, ದಾರಿ ಕಾಯಾಕತ್ತೀದಿ?’ ಎಂದು ನಗೆಯಾಡಿದ್ದೇನೆ. ನೀನೂ ನಗುತ್ತಿದ್ದೆ. ನಕ್ಕು ಒಳಗೆ ಹೋಗುತ್ತಿದ್ದೆ. ನಾನೆಂಥ ದಡ್ಡ.

ನಿಮ್ಮಣ್ಣ ಒಳಗೆ ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಲಿಂಗ ಇರುವಾಗ ಏಳುವಂತಿಲ್ಲ, ಮಾತಾಡುವಂತಿಲ್ಲ. ಕಟ್ಟೆಯ ಮೇಲೆ ನೀನು ಹಣೆ ಹಚ್ಚಿ ಅಳುತ್ತಿದ್ದರೆ ತಮ್ಮ ಸಾವಿನ ಹಾಡನ್ನು ಅವರು ಪೂರ್ತಿ ಕೇಳಿದರು. ನಿಮ್ಮ ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ಬಾಯಿ ಬಿಟ್ಟು ನಿಂತಳು. ಪೂಜೆ ಮುಗಿಸಿ ಅವರು ಹೊರಗೆ ಬಂದಾಗ ನೀನು ತಲೆ ಎತ್ತಿದೆ. ಮೊದಲು ನಿನ್ನ ಮುಖ ಕೂಸಿನ ಹಾಗೆ ಅರಳಿತು. ಆಮೇಲೆ ಏನೇನು ಅಂದುಬಿಟ್ಟೆ ಎನ್ನುವುದು ನೆನಪಾಯಿತು. ಸೆರಗು ಮುಖಕ್ಕೆ ಎಳೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದೆ. ಯಾರೋ ಕಿಸಕ್ಕೆಂದು ನಕ್ಕರು. ನಾನು ನಿನ್ನ ಹಿಂದೆ ಬರಬೇಕಿತ್ತು. ಹಾರ ಹಿಡಿದು ಕಂಬದ ಹಾಗೆ ನಿಂತೇ ಇದ್ದೆ.

ಅವರು ನನಗೆ ಬೈದಿದ್ದರೆ ಎಷ್ಟೋ ಚಲೋ ಇತ್ತು. ‘ಅಷ್ಟು ದೂರದಿಂದ ತಂದೀರಿ, ಹಾಕಿಬಿಡ್ರಿ’ ಎಂದು ಕೊರಳು ಬಾಗಿಸಿದರು. ನನ್ನ ಕೈ ಏಳಲಿಲ್ಲ. ಕನ್ನಡಕ ಸಿಗದ ಕಥೆ ಹೇಳಿದೆ, ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತು, ‘ಅವ್ವ ಇದ್ದಾಗ, ಪಂಚಮಿ ಬಂತು, ತಂಗೀನ ಕರಕೊಂಡು ಬಾ ಅಂತ ನನ್ನ ಎಬ್ಬಸ್ತಿದ್ಲು. ಅಕಿ ಹ್ವಾದ ಮ್ಯಾಲೆ ಎಬ್ಬಸೋರು ಇಲ್ಲದಂಗಾತು. ಅಂಗಡಿ ಸಾವ್ಕಾರನ ಹೆಂಡ್ತಿ, ಅಕಿಗೇನು ಕಡಿಮಿ ಅಂದ್ಕೊಂಡು ಬಿಟ್ಟೆ’ ಎಂದರು. ಅವರ ಕಣ್ಣು ತುಂಬಿತ್ತು. ಇದನ್ನು ನೀನು ನಿಂತು ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ನಾನು ಮಾಡಿಕೊಂಡ ವ್ಯವಸ್ಥೆ ಕೇಳು, ಬೇಕಾದರೆ ನಗು. ಮರುದಿನವೇ ಬಜಾರಿಗೆ ಹೋಗಿ ನಾಲ್ಕಾರು ಚಾಳೀಸು ತಂದೆ. ಒಂದನ್ನು ಹೆಸರು ಕೊರೆಯುವ ಮಷಿನಿಗೆ ದಾರದಿಂದ ಕಟ್ಟಿಬಿಟ್ಟಿದ್ದೇನೆ, ಎಮ್ಮೆಯನ್ನು ಗೂಟಕ್ಕೆ ಕಟ್ಟಿದ ಹಾಗೆ. ಇನ್ನೊಂದು ವಿಭೂತಿ ಗಟ್ಟಿಯ ಪಕ್ಕದಲ್ಲಿ, ಹೇಗೂ ಮುಂಜಾನೆ ಅಲ್ಲಿಗೆ ಕೈ ಹೋಗಲೇಬೇಕು. ಫೋನಿಗೂ ಚಾಳೀಸಿನ ಡಬ್ಬಿಗೂ ಸೇರಿಸಿ ಒಂದು ರಬ್ಬರ್ ಹಾಕಿದ್ದೇನೆ. ಫೋನ್ ಬೇಕೆಂದರೆ ಮೊದಲು ಚಾಳೀಸು ಕೈಗೆ ಬರುತ್ತದೆ. ಅಖ್ತರ್ ಇದನ್ನು ನೋಡಿ ತನ್ನ ಅಪ್ಪ ಜಂಗ್ಲಿಸಾಬ್‌ನ ಫೋನಿಗೂ ಹಾಗೇ ಮಾಡಿದ. ಮತ್ತೊಂದು ಕರಿ ದಾರದಲ್ಲಿ ನನ್ನ ಕೊರಳಲ್ಲಿದೆ, ಲಿಂಗದ ಶಿವದಾರದ ಬಾಜೂಕೆ, ನೀನು ಹೇಳಿದ ಜಾಗದಲ್ಲೇ. ಎರಡೂ ಒಂದಕ್ಕೊಂದು ಸಿಕ್ಕಿಕೊಂಡಾಗ ಬಿಡಿಸುತ್ತಾ ನಿನ್ನನ್ನು ನೆನೆಯುತ್ತೇನೆ. ಲಿಂಗಪ್ಪ ಸಿಟ್ಟಾದಂತೆ ಕಾಣಲಿಲ್ಲ.

ನಿನ್ನೆ ನಿಮ್ಮಣ್ಣ ನಮ್ಮ ಅಂಗಡಿಗೆ ಬಂದಿದ್ದರು. ಮುಚ್ಚಳದ ಒಂದು ದೊಡ್ಡ ಸ್ಟೀಲ್ ಡಬ್ಬಿ ಆರಿಸಿ, ‘ಇದರ ಮ್ಯಾಲೆ ತಂಗಿ ಹೆಸರು ಹಾಕ್ರಿ. ಪಂಚಮ್ಯಾಗ ಉಂಡಿ ತುಂಬಿ ಕೊಡಾವ ಅದೀನಿ’ ಎಂದರು. ಗೂಟಕ್ಕೆ ಕಟ್ಟಿದ ಹೊಸ ಚಾಳೀಸು ಪಕ್ಕದಲ್ಲೇ ಇತ್ತು, ಆದರೂ ನಾನು ನಿನ್ನ ಗುಲಾಬಿಯದನ್ನು ತೆಗೆದೆ. ಮಷಿನನ್ನು ಅಂಗಡಿಯ ಮುಂದಕ್ಕೆ ತಂದು, ಗಿರಾಕಿಗಳ ಎದುರು ಅದನ್ನು ಹಾಕಿಕೊಂಡು ಕೂತೆ. ಅಖ್ತರ್ ಚಹಾ ತಂದವನು ತುಟಿ ಕಚ್ಚಿ ಹಿಡಿದು, ‘ಒಪ್ತೈತ್ರಿ ಸಾವ್ಕಾರ್ರ’ ಎಂದ. ‘ತಂಗಿ ವೀರಭದ್ರಮ್ಮಗೆ, ಅಣ್ಣ ಗುರುಬಸವ’ ಎಂದು ಕೊರೆದೆ. ನಿನ್ನ ಹೆಸರಿನಲ್ಲಿ ಒಂದು ಅಕ್ಷರ ಸೊಟ್ಟಗಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಂಚಮಿಯ ಹಿಂದಿನ ದಿನ ಅವರು ಕಾರು ತೆಗೆದುಕೊಂಡು ಲಿಂಗಸುಗೂರಿಗೆ ಬರುತ್ತಾರೆ, ನಿನ್ನನ್ನು ಕರೆಯಲು. ನಾಚಿಕೆಯಿಂದ ನೀನು ಹೊರಗೆ ಬರಲಿಕ್ಕಿಲ್ಲ ಎಂಬ ಅಂಜಿಕೆ ಅವರಿಗೂ ಇದೆ. ಬಾಗಿಲಲ್ಲಿ ನಿಂತಿರು ವೀರಭದ್ರಮ್ಮಾ. ಈ ಸಲ ಖಂಡಿತ ಬರುತ್ತಾರೆ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದೇನೆ ಎಂದು ಮಾತ್ರ ಒಳಗಿನಿಂದ ಹೇಳಿಸಬೇಡ.

ಶೈಲಜಾಗೂ ಅಳಿಯನಿಗೂ ನನ್ನ ಶುಭಾಶಯ. ಮೊಮ್ಮಗಳ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಬಸವಣ್ಣ ನಿನ್ನ ಮೊಣಕಾಲನ್ನೂ ಮನಸ್ಸನ್ನೂ ಹಗುರ ಮಾಡಲಿ.

ನಿನ್ನವನೆಂದು ಹೇಳಿಕೊಳ್ಳಲು ಈ ಹೊತ್ತು ನಾಚುವ,
ಅಮರಗುಂಡಪ್ಪ

ತಾ.ಕ.: ವೀರೇಶ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಕನ್ನಡಕ ಕೈಗೆ ಸಿಗಲಿಲ್ಲ ಎಂದು ಬರೆದದ್ದು ಸುಳ್ಳು. ನಿಮ್ಮಣ್ಣನಿಗೆ ಹೇಳಿದ್ದೂ ಸುಳ್ಳು. ಅಂದು ನಿನ್ನ ಚಾಳೀಸು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನೀನು ಓಣಿಯಲ್ಲಿ ಅಳುತ್ತಾ ನಡೆಯುವಾಗಲೂ ನನ್ನ ಎದೆಗೆ ಒತ್ತುತ್ತಿತ್ತು. ಹತ್ತಿರ ಇಟ್ಟುಕೊಳ್ಳುವ ಇಷ್ಟೆಲ್ಲ ಉಪಾಯ ಬರೆದೆನಲ್ಲ, ಅದಕ್ಕಿಂತ ಹತ್ತಿರ ಎಲ್ಲಿಡಲಿ? ಗೊರೇಬಾಳದವರ ಮುಂದೆ ಹೆಣ್ಣುಮಕ್ಕಳ ಚಾಳೀಸು ಹಾಕಿಕೊಳ್ಳಲು ನಾಚಿದೆ, ಅಷ್ಟೇ. ಆ ನಾಚಿಕೆಯನ್ನು ನಾನು ತಪ್ಪಿಸಿಕೊಂಡೆ, ಅದು ಹೋಗಿ ಮಸ್ಕಿಯ ಓಣಿಯಲ್ಲಿ ನಿನ್ನ ತಲೆಯ ಮೇಲೆ ಬಿತ್ತು. ನೀನು ಹೂಂ ಅಂದರೆ ಪಂಚಮಿಗೆ ಮಸ್ಕಿಗೆ ಬಂದು, ಅದೇ ಕಟ್ಟೆಯ ಮೇಲೆ ಕೂತು, ಎಲ್ಲರ ಎದುರು ಇದನ್ನು ಹೇಳುತ್ತೇನೆ. ಎಣ್ಣೆ ಹಚ್ಚುವುದು ಮುಗಿದ ಮೇಲೆ ಒಮ್ಮೆ ಫೋನ್ ಎತ್ತು.