ಮುಖಪುಟಕ್ಕೆ ಬಂದ ನಕ್ಷೆ

ಯಡಿಯೂರು, ಬೆಂಗಳೂರು
೧೪ ನವೆಂಬರ್ ೧೯೮೭

ಅಕ್ಕ ಸೀತಾಲಕ್ಷ್ಮಿಗೆ ಕಾತ್ಯಾಯಿನಿಯ ನಮಸ್ಕಾರ.

ನಿನ್ನ ಕಾಗದಗಳೆಲ್ಲ ತಲುಪಿದವು. ಒಂದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ‘ನಾವು ಕ್ಷೇಮ’ ಎಂದು ಶುರುಮಾಡಬೇಕಲ್ಲ, ಅಲ್ಲೇ ಪೆನ್ನು ನಿಂತುಬಿಡುತ್ತಿತ್ತು. ಚೂಡಾಮಣಿ ಹೋಗಿ ಆರು ತಿಂಗಳಾಯಿತು. ಈಗಲೂ ಹುಳಿಗೆ ಬದನೆಕಾಯಿ ಹಾಕಲು ಕೈ ಬರುವುದಿಲ್ಲ, ಮಗಳಿಗೆ ಸೇರುತ್ತಿರಲಿಲ್ಲ ನೋಡು.

ಅವಳು ಬರೆದಿಟ್ಟು ಹೋದ ಮೂರನೆಯ ಆಟದ ಪುಸ್ತಕ ದೀಪಾವಳಿಗೆ ಹೊರಬಂತು. ಅದಕ್ಕೆ ಆದ ಗತಿಯನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಅವಳ ಆಟವನ್ನು ನೀನು ‘ಕೂತು ಹರಟೋ ಆಟ’ ಅಂತ ರೇಗಿಸುತ್ತಿದ್ದೆ. ನಿಜವೇ. ಒಬ್ಬರು ಪುಸ್ತಕ ಹಿಡಿದು, ‘ಗುಹೆ ಬಾಗಿಲಲ್ಲಿದ್ದೀರಿ, ಒಳಗೇನೋ ಗುರ್ ಅಂತಿದೆ, ಏನ್ಮಾಡ್ತೀರಿ?’ ಅನ್ನಬೇಕು. ಮಿಕ್ಕವರು ಒಬ್ಬ ಬೇಟೆಗಾರನಾಗಿ, ಒಬ್ಬಳು ವೈದ್ಯೆಯಾಗಿ ತಾವು ಮಾಡುವುದನ್ನು ಬಾಯಲ್ಲೇ ಹೇಳಬೇಕು. ಗೆದ್ದರೋ ಸತ್ತರೋ ದಾಳ ತೀರ್ಮಾನ ಮಾಡುತ್ತದೆ. ಅವಳ ಗೆಳತಿ ಪಂಕಜಾಳ ಚಿಕ್ಕಪ್ಪ ಪರದೇಶದಿಂದ ತಂದ ಅಂಥ ಆಟದ ಡಬ್ಬದಲ್ಲಿ ಇಪ್ಪತ್ತು ಮುಖದ ದಾಳವೆಲ್ಲ ಇತ್ತು. ಅದು ಜಯನಗರದಲ್ಲಿ ಎಲ್ಲಿ ಸಿಗಬೇಕು? ನಮ್ಮವಳು ಚೌಕಾಬಾರದ ಕವಡೆಗೇ ಆಟ ಹೊಂದಿಸಿ, ಕನ್ನಡದಲ್ಲೇ ಸಾಹಸಗಳನ್ನು ಬರೆದಳು. ಇವರು ತಮ್ಮ ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆಗಳ ನಡುವೆ ಬಿಡುವು ಮಾಡಿಕೊಂಡು ಅಚ್ಚು ಹಾಕಿದರು. ಪುಸ್ತಕದ ಜೊತೆ ಕೊಡುವ ಕವಡೆಗೆ ಬಟ್ಟೆಚೀಲ ಹೊಲಿದವಳು ನಾನು. ಮೊದಲಿನ ಎರಡು ಪುಸ್ತಕಗಳೂ ಜಯನಗರ ಕಾಂಪ್ಲೆಕ್ಸಿನ ಅಂಗಡಿಗಳಲ್ಲಿ ಖರ್ಚಾದವು. ‘ಮೂರನೇದೂ ಹೋದ್ರೆ ಇದೇ ನನ್ನ ಕಸುಬು, ಮದುವೆ ಮಾತು ಎತ್ತಕೂಡದು’ ಅಂದಿದ್ದಳು. ಅವಳಿಲ್ಲದಿದ್ದರೂ ಅವಳ ಕಸುಬಾದರೂ ನಿಲ್ಲಲಿ ಎಂದು ನನಗೆ ಎಷ್ಟು ಆಸೆಯಿತ್ತು ಗೊತ್ತೇ?

ಪ್ರತಿ ಸಾಹಸಕ್ಕೂ ಒಂದು ನಕ್ಷೆಯಿರುತ್ತದೆ. ಎಲ್ಲಿ ಗುಂಡಿ ತೋಡಿದೆ, ಯಾವ ಬಾಗಿಲ ಹಿಂದೆ ಹುಲಿ, ನಿಧಿ ಎಲ್ಲಿ, ಎಲ್ಲ ಅದರಲ್ಲಿ. ಅದನ್ನು ಕಥೆ ಹೇಳುವವರು ಮಾತ್ರ ನೋಡಬೇಕು, ಆಡುವವರಿಗೆ ತೋರಿಸಕೂಡದು. ಈ ಸಲ ಆ ನಕ್ಷೆ ಮುಖಪುಟಕ್ಕೇ ಬಂದುಬಿಟ್ಟಿದೆ. ಅದೂ ಎರಡು ಬಣ್ಣದಲ್ಲಿ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಪಂಕಜಾ ಪುಸ್ತಕ ಹಿಡಿದುಕೊಂಡು ಓಡಿಬಂದಳು. ‘ಆಂಟಿ, ಇದ್ಯಾರು ಮಾಡಿದ್ದು? ಅಂಗಡೀಲಿ ನೋಡಿದೋರಿಗೆಲ್ಲ ಹುಲಿ ಎಲ್ಲಿದೆ ಅಂತ ಗೊತ್ತಾಗೋಯ್ತು, ಇನ್ನೇನು ಆಡೋದು?’ ಅಂದಳು. ಅಂಗಡಿಯವರು ಕಟ್ಟುಗಳನ್ನು ಆಟೋದಲ್ಲಿ ವಾಪಸ್ಸು ಕಳಿಸಿ, ‘ಉತ್ತರ ಮೇಲೇ ಬರೆದಿರೋ ಒಗಟು ಯಾರಿಗೆ ಬೇಕು ಸಾರ್?’ ಅಂತ ಇವರಿಗೆ ಹೇಳಿಕಳಿಸಿದರು.

ಇವರು ಒಂದು ದಿನವೂ ಆ ಆಟ ಆಡಿದವರಲ್ಲ, ಗೊತ್ತಿಲ್ಲದೆ ಹಾಕಿದ್ದಾರೆ ಎಂದುಕೊಂಡೆ. ಸ್ಕೂಲ್ ಪುಸ್ತಕಕ್ಕೆ ಹಾಕುವಂತೆ ಬ್ರೌನ್ ಪೇಪರ್ ಹಾಕಿ ಮುಚ್ಚಿಬಿಡೋಣ ಎಂದು ಮೈದಾ ಅಂಟು ಕಾಯಿಸಿಕೊಂಡು ಪ್ರೆಸ್ಸಿನಲ್ಲಿ ಕೂತೆ. ಇವರು ಬಂದು ಕೈಯಿಂದ ಪೇಪರ್ ಕಿತ್ತುಕೊಂಡರು. ‘ಬೇಡ. ಹಾಗೇ ಇರ್ಲಿ’ ಅಂದರು. ‘ಮಗಳ ಹೆಸರು ಮಣ್ಣುಪಾಲು ಮಾಡ್ತಿದೀರಲ್ರೀ’ ಅಂತ ನಾನು ಕೂಗಾಡಿದೆ. ನನಗೆ ಬೆನ್ನು ಹಾಕಿ ಮಷಿನ್ನಿಗೆ ಎಣ್ಣೆ ಬಿಡುತ್ತಾ ಕೂತರು. ನಿನಗೆ ನನ್ನ ಬಾಯಿ ಗೊತ್ತಲ್ಲ, ಆ ಹಬ್ಬವೆಲ್ಲ ನಮ್ಮ ಮನೆಯಲ್ಲಿ ಪಟಾಕಿ ಹೊಡೆದದ್ದು ನಾನೊಬ್ಬಳೇ.

ಪಂಕಜಾ ಒಳ್ಳೆಯ ಹುಡುಗಿ. ಗೆಳತಿಯರನ್ನು ಕರೆತಂದು ನಮ್ಮ ಹಾಲಿನಲ್ಲೇ ಆಡಲು ನೋಡಿದಳು. ಸ್ವಲ್ಪ ಹೊತ್ತಿಗೆ ಎಲ್ಲರೂ ಕವಡೆ ಕೆಳಗಿಟ್ಟು ಎದ್ದುಬಿಟ್ಟರು. ಮೊದಲೇ ಗೊತ್ತಿರುವ ಹುಲಿಗೆ ಯಾರು ಹೆದರುತ್ತಾರೆ? ಕಟ್ಟುಗಳೆಲ್ಲ ಈಗ ಚೂಡಾಮಣಿಯ ಮಂಚದ ಕೆಳಗಿವೆ. ಇನ್ನು ಪುಸ್ತಕದ ಸಹವಾಸ ಸಾಕು, ಕರೆಯೋಲೆ ಅಚ್ಚು ಹಾಕಿಕೊಂಡಿರೋಣ ಅನ್ನುತ್ತಾರೆ ಇವರು. ನನಗೂ ವಾದ ಮಾಡುವ ಶಕ್ತಿಯಿಲ್ಲ.

ನಿನ್ನ ಮೊಣಕಾಲಿಗೆ ಹರಳೆಣ್ಣೆ ಬಿಸಿಮಾಡಿ ಹಚ್ಚು, ಉದಾಸೀನ ಮಾಡಬೇಡ. ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ದೇವರು ಅವರನ್ನಾದರೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ತಂಗಿ,
ಕಾತ್ಯಾಯಿನಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇವರು ಗೊತ್ತಿಲ್ಲದೆ ಹಾಕಿದ್ದಲ್ಲವಂತೆ ಅಕ್ಕ. ಮೊನ್ನೆ ಬಾಯಿಬಿಟ್ಟರು. ‘ಅದು ಒಳಗಿರ್ಬೇಕು ಅಂತ ಗೊತ್ತಿತ್ತು ಕಣೆ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು. ಇನ್ನೊಂದನ್ನ ಮುಚ್ಚಿಡೋಕೆ ನನ್ನ ಕೈಲಿ ಆಗ್ಲಿಲ್ಲ’ ಅಂತ ಅತ್ತರು. ಸಂಕ್ರಾಂತಿಗೆ ಮುಂಚೆಯೇ ಡಾಕ್ಟರು ಇವರನ್ನೂ ನಿನ್ನನ್ನೂ ಕೂರಿಸಿಕೊಂಡು, ಇದು ರಕ್ತದ ಕ್ಯಾನ್ಸರು, ಹುಡುಗಿ ಉಳಿಯುವುದಿಲ್ಲ ಅಂದಿದ್ದರಂತೆ. ಕಾತ್ಯಾಯಿನಿಗೆ ಹೇಳೋದು ಬೇಡ, ಅವಳು ತಡ್ಕೊಳ್ಳಲ್ಲ ಅಂದವಳು ನೀನಂತೆ. ಚೂಡಾಮಣಿಗೂ ಗೊತ್ತಿತ್ತಂತೆ. ರಕ್ತ ಕಡಿಮೆಯಾಗಿದೆ, ಟಾನಿಕ್ ಕುಡಿದರೆ ಸರಿಹೋಗುತ್ತದೆ ಎಂದು ನನಗೊಬ್ಬಳಿಗೇ ಹೇಳಿದಿರಿ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಯುಗಾದಿಯ ದಿನ ಅವಳು ಹಾಸಿಗೆಯ ಮೇಲೆ ಕೂತು, ‘ಅಮ್ಮ, ನೀನು ಒಂದ್ಸಲಾನೂ ಆಡಿಲ್ಲ. ಬಾ, ಇವತ್ತು ನಾನು ಕಥೆ ಹೇಳ್ತೀನಿ, ನೀನೊಬ್ಳೇ ಆಡು’ ಅಂದಳು. ನಾನು ಹೋಳಿಗೆ ಹಿಟ್ಟು ನಾದುತ್ತಿದ್ದೆ. ‘ಮೊದ್ಲು ಹುಷಾರಾಗು, ಆಮೇಲೆ ಆಡಿದ್ರಾಯ್ತು’ ಅಂದೆ. ‘ಆಯ್ತಮ್ಮ’ ಅಂದಳು. ನೀನು ನನ್ನ ಪಕ್ಕದಲ್ಲೇ ಕೂತು ಏಲಕ್ಕಿ ಬಿಡಿಸುತ್ತಿದ್ದೆ. ಒಂದು ಮಾತು ಹೇಳಿದ್ದರೆ, ಆ ಹಿಟ್ಟನ್ನು ಅಲ್ಲೇ ಬಿಟ್ಟು ಅವಳ ಹತ್ತಿರ ಹೋಗಿ ಕೂರುತ್ತಿದ್ದೆ, ಅಕ್ಕ.